ಮನೆಯಲ್ಲಿ ಸರಿಯಾಗಿ ಲೋಡ್ ಆಗುತ್ತೆ, ಸ್ಟೇಜ್ ಮೇಲೆ ಅರ್ಧಕ್ಕೇ ನಿಲ್ಲುತ್ತೆ (ಹಳೇ ಸ್ಯಾಂಪ್ಲರ್ + ಸ್ಕಸಿ ಡ್ರೈವ್), ದಯವಿಟ್ಟು ಸಹಾಯ ಮಾಡಿ

ತಾಳತಪ್ಪಿದವ:
ತಲೆ ಕೆಟ್ಟು ಹೋಗಿದೆ. ನನ್ನದು ಹಳೇ ಸ್ಯಾಂಪ್ಲರ್ (ರೆಕಾರ್ಡ್ ಮಾಡಿಟ್ಟ ಶಬ್ದಗಳನ್ನು ನುಡಿಸುವ ಮೆಷಿನ್). ಶಬ್ದಗಳನ್ನು ಸ್ಕಸಿ ಅನ್ನುವ ಹಳೇ ಕಾಲದ ಡಿಸ್ಕ್ ಜೋಡಣೆಯಲ್ಲಿ ಹೊರಗಿನ ಡ್ರೈವ್‌ನಿಂದ ಲೋಡ್ ಮಾಡಬೇಕು. ಶನಿವಾರ ಶೋ ಇತ್ತು. ಮೊದಲ ಎರಡು ಹಾಡು ಚೆನ್ನಾಗಿಯೇ ಹೋಯಿತು. ಮೂರನೇ ಹಾಡಿಗೆ ಹೊಸ ಬ್ಯಾಂಕ್ (ಆ ಹಾಡಿನ ಶಬ್ದಗಳ ಗುಂಪು) ಲೋಡ್ ಮಾಡಲು ಕೊಟ್ಟೆ. ಅರ್ಧ ಲೋಡ್ ಆಗಿ ಸ್ಕ್ರೀನ್ ಹಾಗೇ ನಿಂತುಬಿಟ್ಟಿತು. ಯಾವ ಬಟನ್ ಒತ್ತಿದರೂ ಉಸಿರಿಲ್ಲ. ಪವರ್ ಆಫ್ ಮಾಡಿ ಆನ್ ಮಾಡಿದೆ, ರ‍್ಯಾಮ್‌ನಲ್ಲಿ ಇದ್ದದ್ದೂ ಹೋಯಿತು. ಮತ್ತೆ ಲೋಡ್, ಮತ್ತೆ ಅಲ್ಲೇ ನಿಂತಿತು. ಪಾಪ ನಮ್ಮ ಡ್ರಮ್ಮರ್ ನಾಲ್ಕು ನಿಮಿಷ ಒಬ್ಬನೇ ಬಾರಿಸಿದ. ಜನ ಅದನ್ನು ಸೋಲೋ ಅಂದುಕೊಂಡು ಚಪ್ಪಾಳೆ ತಟ್ಟಿದರು, ಅದು ಬೇರೆ ಮಾತು.

ಮನೆಗೆ ಬಂದು ಅದೇ ಬ್ಯಾಂಕ್ ಇಪ್ಪತ್ತು ಸಲ ಲೋಡ್ ಮಾಡಿದೆ. ಒಂದು ಸಲವೂ ನಿಲ್ಲಲಿಲ್ಲ! ಕಾರ್ಡ್ ಬದಲಾಯಿಸಿ ಆಯಿತು. ಕೇಬಲ್ ಅದೇ, ಡಬ್ಬಿ ಅದೇ, ಎಲ್ಲಾ ಸೇಮ್. ಸೆಟಪ್ ಫೋಟೋ ಹಾಕಿದ್ದೇನೆ. ಮುಂದಿನ ಶೋಗೆ 12 ದಿನ ಇದೆ. "ಲ್ಯಾಪ್‌ಟಾಪ್ ತಗೊಂಡು ಹೋಗಿ" ಅಂತ ಮಾತ್ರ ಯಾರೂ ಹೇಳಬೇಡಿ.

ಹಳೇರ‍್ಯಾಕ್:
ಫೋಟೋ ಕಾಣಿಸುತ್ತಿಲ್ಲ. ಯಾವ ಸ್ಯಾಂಪ್ಲರ್? ಎಷ್ಟು ರ‍್ಯಾಮ್? "ಡಬ್ಬಿ" ಅಂದರೆ ನಿಜವಾದ ಹಾರ್ಡ್ ಡಿಸ್ಕಾ, ಜಿಪ್ ಡ್ರೈವಾ, ಎಸ್‌ಡಿ ಕಾರ್ಡ್ ಹಾಕುವ, ಹಾರ್ಡ್ ಡಿಸ್ಕ್ ಹಾಗೆ ನಟಿಸುವ ಎಮ್ಯುಲೇಟರಾ? ಸ್ಕಸಿ ಐಡಿ (ಸಾಲಿನಲ್ಲಿ ಒಂದೊಂದಕ್ಕೂ ಇರುವ ನಂಬರ್) ಎಷ್ಟೆಷ್ಟು?

ಬೆಸುಗೆಕಡ್ಡಿ:
ಟರ್ಮಿನೇಶನ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸ್ಕಸಿ ಸಾಲಿನ ಎರಡೂ ತುದಿಯಲ್ಲಿ ಟರ್ಮಿನೇಟರ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬಾರದ ಹಾಗೆ ತಡೆಯುವ ರೆಸಿಸ್ಟರ್‌ಗಳು) ಇರಬೇಕು, ನಡುವೆ ಇರಬಾರದು. ಸ್ಕಸಿ ಸಮಸ್ಯೆ ಹತ್ತು ಬಂದರೆ ಒಂಬತ್ತು ಇದೇ.

ತಾಳತಪ್ಪಿದವ:
ಅಕಾಯ್ ಎಸ್ ಸರಣಿಯ ರ‍್ಯಾಕ್, 32 ಎಂಬಿ ಫುಲ್ ತುಂಬಿದೆ. ಡಬ್ಬಿ ಅಂದರೆ ಎಸ್‌ಡಿ ಕಾರ್ಡ್ ಹಾಕುವ ಎಮ್ಯುಲೇಟರ್, ನಾನೇ ಸಣ್ಣ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದ್ದು. ಹೊರಗೆ 25 ಪಿನ್‌ನ ಡಿಬಿ-25 ಕನೆಕ್ಟರ್. ಸ್ಯಾಂಪ್ಲರ್ ಐಡಿ 6, ಡಬ್ಬಿ ಐಡಿ 2. ಡಬ್ಬಿಯ ಟರ್ಮಿನೇಶನ್ ಜಂಪರ್ ಹಾಕಿಯೇ ಇದೆ. ಲೈಟ್ ಉರಿಯುತ್ತೆ. ಡೈರೆಕ್ಟರಿ ಕಾಣುತ್ತೆ. ಸಣ್ಣ ಪ್ರೋಗ್ರಾಂ ಲೋಡ್ ಕೂಡ ಆಗುತ್ತೆ. ದೊಡ್ಡದು ಬಂದಾಗ ಮಾತ್ರ ಕೈ ಕೊಡುತ್ತೆ.

12ಬಿಟ್‌ಭಕ್ತ:
ಇದಕ್ಕೇ ನಾನು ಈ ಸ್ಕಸಿ ಸಹವಾಸಕ್ಕೇ ಹೋಗಿಲ್ಲ. ನನ್ನದು ಇ-ಮು ಎಸ್‌ಪಿ-1200. 1987ರ ಡ್ರಮ್ ಸ್ಯಾಂಪ್ಲರ್. 12 ಬಿಟ್, 26.04 ಕಿಲೋಹರ್ಟ್ಜ್, ಒಟ್ಟು 10 ಸೆಕೆಂಡ್ ಸ್ಯಾಂಪ್ಲಿಂಗ್. ಒಂದು ಫ್ಲಾಪಿ ಹಾಕಿದರೆ ಇಡೀ ಸೆಟ್ ಬಂತು. ಕಿಕ್ ಹೊಡೆದರೆ ಎದೆಗೆ ಗುದ್ದಿದ ಹಾಗಿರುತ್ತೆ. 32 ಎಂಬಿ ಇಟ್ಟುಕೊಂಡು ಏನು ಮಾಡುತ್ತೀರೋ ನನಗಂತೂ ಗೊತ್ತಿಲ್ಲ.

ಕೇಬಲ್‌ಕಾಟ:
@12ಬಿಟ್‌ಭಕ್ತ, ಅವರು ಕೇಳಿದ್ದು ಅದಲ್ಲ ಸ್ವಾಮಿ. ಅಕಾಯ್‌ನ ಎಚ್‌ಡಿ ಫ್ಲಾಪಿಯಲ್ಲಿ 1.6 ಎಂಬಿ ಹಿಡಿಯುತ್ತೆ. 32 ಎಂಬಿಗೆ 20 ಫ್ಲಾಪಿ ಬೇಕು. ಹಾಡಿನ ನಡುವೆ 20 ಫ್ಲಾಪಿ ಬದಲಾಯಿಸುತ್ತಾ ಕೂತರೆ ಡ್ರಮ್ಮರ್ ಗಂಟು ಮೂಟೆ ಕಟ್ಟಿಕೊಂಡು ಮನೆಗೆ ಹೋಗುತ್ತಾನೆ.

@ತಾಳತಪ್ಪಿದವ, ಕೇಬಲ್ ಎಷ್ಟು ಉದ್ದ? ಎರಡೂ ಕಡೆ ಡಿಬಿ-25 ಇದೆ ಅಂತ ಪ್ರಿಂಟರ್ ಕೇಬಲ್ ಹಾಕಿಲ್ಲ ತಾನೇ? ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ, ಆದರೆ ಅದರಲ್ಲಿ ಎಲ್ಲಾ ಗ್ರೌಂಡ್ ತಂತಿ ಇರೋದಿಲ್ಲ. ಸಣ್ಣ ಫೈಲ್ ದಾಟುತ್ತೆ, ದೊಡ್ಡದು ದಾರಿಯಲ್ಲಿ ಎಡವುತ್ತೆ. ನೀವು ಹೇಳಿದ ಲಕ್ಷಣವೇ. ಸ್ಕಸಿ ಸಾಲು ಒಟ್ಟು 3 ಮೀಟರ್ ದಾಟಬಾರದು.

ಬೆಸುಗೆಕಡ್ಡಿ:
3 ಮೀಟರ್ ಫಾಸ್ಟ್ ಸ್ಕಸಿಗೆ. ಈ ಕಾಲದ ಸ್ಯಾಂಪ್ಲರ್‌ಗಳ ನಿಧಾನದ ಸ್ಕಸಿಗೆ 6 ಮೀಟರ್ ತನಕ ಬಿಡುತ್ತೆ. ಕೇಬಲ್ ಬಿಡಿ. ಟರ್ಮಿನೇಟರ್ ನೋಡಿ.

ಕೇಬಲ್‌ಕಾಟ:
6 ಮೀಟರ್ ಕಾಗದದ ಮೇಲೆ. ಸ್ಟೇಜ್ ಮೇಲೆ ಲೈಟ್ ಡಿಮ್ಮರ್ ಪಕ್ಕದಲ್ಲಿ 6 ಮೀಟರ್ ಎಳೆದು ತೋರಿಸಿ ನೋಡೋಣ.

ಬೆಸುಗೆಕಡ್ಡಿ:
ನಾನು ಎಳೆದಿದ್ದೇನೆ. ಮೂರು ಡ್ರೈವ್ ಸಾಲಾಗಿ. ಒಂದು ಸಲವೂ ನಿಂತಿಲ್ಲ. ಯಾಕೆ ಅಂದರೆ ಟರ್ಮಿನೇಶನ್ ಸರಿ ಇತ್ತು.

ತಾಳತಪ್ಪಿದವ:
ಕೇಬಲ್ ಒಂದು ಮೀಟರ್ ಕೂಡ ಇಲ್ಲ, ಸ್ಕಸಿದ್ದೇ. ಅದೇ ಕೇಬಲ್ ಮನೆಯಲ್ಲಿ ಕೆಲಸ ಮಾಡುತ್ತೆ ಅಂತ ಮೊದಲೇ ಹೇಳಿದೆನಲ್ಲ.

ಜಿಪ್‌ಜಗಳ:
ನನಗೆ ಹೀಗೇ ಆಗಿತ್ತು. ಐಡಿ ಜಗಳ. ಹೊರಗಿನ ಸ್ಕಸಿ ಜಿಪ್ ಡ್ರೈವ್‌ನಲ್ಲಿ ಐಡಿ 5 ಅಥವಾ 6, ಎರಡೇ ಆಯ್ಕೆ. ಸ್ಯಾಂಪ್ಲರ್ 6ರಲ್ಲಿ ಕೂತಿದ್ದರೆ ಜಿಪ್ 5ಕ್ಕೆ ಹೋಗಲೇಬೇಕು. ಇಬ್ಬರೂ 6ರಲ್ಲಿ ಕೂತರೆ ಇಬ್ಬರಿಗೂ ಇಲ್ಲ.

ತಾಳತಪ್ಪಿದವ:
ನನ್ನ ಹತ್ತಿರ ಜಿಪ್ ಇಲ್ಲ ಸರ್. 😐

ಬೆಸುಗೆಕಡ್ಡಿ:
ಡಬ್ಬಿಯೊಳಗಿನ ಜಂಪರ್ ನಂಬಬೇಡಿ. ಹೊರಗಿನಿಂದ ಒಂದು ಪಾಸ್-ಥ್ರೂ ಟರ್ಮಿನೇಟರ್ ತಂದು ಕೇಬಲ್ ಮತ್ತು ಡಬ್ಬಿ ನಡುವೆ ಸಿಕ್ಕಿಸಿ. ಆಮೇಲೆ ಬಂದು ಥ್ಯಾಂಕ್ಸ್ ಹೇಳಿ.

*(ಮೂರು ದಿನ ನಂತರ)*

ತಾಳತಪ್ಪಿದವ:
ಟರ್ಮಿನೇಟರ್ ಹಾಕಿದೆ. ಇವತ್ತು ರಿಹರ್ಸಲ್‌ನಲ್ಲಿ ಮೊದಲನೇ ಬ್ಯಾಂಕೇ ಲೋಡ್ ಆಗಲಿಲ್ಲ. ಮೊದಲು ಎರಡು ಹಾಡಾದರೂ ನುಡಿಸುತ್ತಿದ್ದೆ. ಈಗ ಅದೂ ಇಲ್ಲ. ಗಾಯದ ಮೇಲೆ ಬರೆ. ಮನೆಗೆ ತಂದರೆ ಮತ್ತೆ ಸರಿ! ಈ ಮೆಷಿನ್‌ಗೆ ಜನ ಕಂಡರೆ ನಾಚಿಕೆ ಅನ್ನಿಸುತ್ತೆ.

ಬೆಸುಗೆಕಡ್ಡಿ:
ಹಾಗಾದರೆ ನೀವು ತಂದ ಟರ್ಮಿನೇಟರ್ ಕೆಟ್ಟಿದೆ. ಇನ್ನೊಂದು ತನ್ನಿ.

ಕೇಬಲ್‌ಕಾಟ:
ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ ಇದು.

12ಬಿಟ್‌ಭಕ್ತ:
ಇಷ್ಟು ಹೊತ್ತಿಗೆ ನಾನು ಎರಡು ಟ್ರ್ಯಾಕ್ ಮುಗಿಸಿದೆ. ನಿಮಿಷಕ್ಕೆ 33 ಸುತ್ತಿನ ರೆಕಾರ್ಡ್ ಅನ್ನು 45ರಲ್ಲಿ ತಿರುಗಿಸಿ ಸ್ಯಾಂಪಲ್ ಮಾಡಿ, ಆಮೇಲೆ ಪಿಚ್ ಇಳಿಸಿ. ಆ 10 ಸೆಕೆಂಡೇ ಬೇಕಾದಷ್ಟಾಗುತ್ತೆ, ಆ ಗರಗರ ಬೇರೆ ಉಚಿತ.

ಹಳೇರ‍್ಯಾಕ್:
ಸ್ವಲ್ಪ ಎಲ್ಲರೂ ನಿಲ್ಲಿ. @ತಾಳತಪ್ಪಿದವ, ಒಂದು ಕೆಲಸ ಮಾಡಿ. ಮನೆಯಲ್ಲಿ ಆ ಡಬ್ಬಿಗೆ ಯಾವ ಯಾವ ತಂತಿ ಸಿಕ್ಕಿಸಿರುತ್ತೀರಿ? ಒಂದೂ ಬಿಡದೆ ಬರೆಯಿರಿ. "ಎಲ್ಲಾ ಸೇಮ್" ಅನ್ನಬೇಡಿ.

ತಾಳತಪ್ಪಿದವ:
ಸ್ಕಸಿ ಕೇಬಲ್. ಆಮೇಲೆ ಡಬ್ಬಿಯ ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೆ ಒಂದು ವೈರ್, ಸೆಟ್ಟಿಂಗ್ ಬದಲಾಯಿಸಲು. ಅದು ಯಾವಾಗಲೂ ಅಲ್ಲೇ ಇರುತ್ತೆ. ಸ್ಟೇಜ್‌ಗೆ ಲ್ಯಾಪ್‌ಟಾಪ್ ಒಯ್ಯೋದಿಲ್ಲ, ಹಾಗಾಗಿ ಅಲ್ಲಿ ಅದು ಇರೋದಿಲ್ಲ. ಅದಕ್ಕೂ ಲೋಡಿಂಗ್‌ಗೂ ಏನು ಸಂಬಂಧ? ಸ್ಯಾಂಪ್ಲರ್‌ಗೆ ಯುಎಸ್‌ಬಿಯೇ ಇಲ್ಲವಲ್ಲ.

ಹಳೇರ‍್ಯಾಕ್:
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಅದೇ ಸಂಬಂಧ ಮಾರಾಯ್ರೇ!

ಮನೆಯಲ್ಲಿ ನಿಮ್ಮ ಡಬ್ಬಿಗೆ ಕರೆಂಟ್ ಬರೋದು ಲ್ಯಾಪ್‌ಟಾಪ್‌ನಿಂದ. ಸ್ಟೇಜ್ ಮೇಲೆ ಬರೋದು ಸ್ಕಸಿ ಕೇಬಲ್‌ನಲ್ಲಿರುವ ಟರ್ಮ್ ಪವರ್ ತಂತಿಯಿಂದ. ಆ ತಂತಿ ಇರೋದು ಟರ್ಮಿನೇಟರ್‌ಗೆ ಊಟ ಹಾಕಲು, ಡ್ರೈವ್ ಸಾಕಲು ಅಲ್ಲ. ಸಾಮಾನ್ಯವಾಗಿ ಆ ದಾರಿಯಲ್ಲಿ ಒಂದು ಡಯೋಡ್, ಒಂದು ಫ್ಯೂಸ್ ಇರುತ್ತೆ. ಅಲ್ಲೇ ಸ್ವಲ್ಪ ವೋಲ್ಟ್ ಹೋಗಿರುತ್ತೆ. ಕೆಲವು ಹಳೇ ಸ್ಯಾಂಪ್ಲರ್‌ಗಳು ಆ ತಂತಿಗೆ ಕರೆಂಟನ್ನೇ ಕೊಡೋದಿಲ್ಲ. ನಿಮ್ಮದು ಕೊಡುತ್ತಿದೆ, ಆದರೆ ಅರೆಹೊಟ್ಟೆ. ಸುಮ್ನೆ ಕೂತಾಗ ಲೈಟ್ ಉರಿಯುತ್ತೆ, ಡೈರೆಕ್ಟರಿ ಬರುತ್ತೆ. ಒಂದೇ ಸಮನೆ ಓದಲು ಶುರು ಮಾಡಿದಾಗ ಕಾರ್ಡ್ ಜಾಸ್ತಿ ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ಡಬ್ಬಿ ತಲೆ ತಿರುಗಿ ಬೀಳುತ್ತೆ. ಸ್ಯಾಂಪ್ಲರ್ ಪಾಪ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತೆ.

ಇನ್ನು ಆ ಪಾಸ್-ಥ್ರೂ ಟರ್ಮಿನೇಟರ್. ಪ್ಯಾಸಿವ್ ಟರ್ಮಿನೇಟರ್‌ನಲ್ಲಿ ಪ್ರತಿ ಸಿಗ್ನಲ್ ತಂತಿಗೂ ಟರ್ಮ್ ಪವರ್ ಕಡೆಗೆ 220 ಓಮ್, ಗ್ರೌಂಡ್ ಕಡೆಗೆ 330 ಓಮ್. ಒಟ್ಟು 550. 5 ವೋಲ್ಟ್‌ಗೆ ಒಂದು ತಂತಿಗೆ ಸುಮಾರು 9 ಮಿಲಿಆಂಪ್. ಅಂಥ ತಂತಿ 18. ಲೆಕ್ಕ ಹಾಕಿ, ಏನೂ ಕೆಲಸ ಮಾಡದೆ ಕೂತೇ 160 ಮಿಲಿಆಂಪ್ ಮೇಲೆ ನುಂಗುತ್ತೆ. ಮೊದಲೇ ಅರೆಹೊಟ್ಟೆಯಲ್ಲಿದ್ದ ಮನೆಗೆ ಇನ್ನೊಬ್ಬ ನೆಂಟನನ್ನು ಕರೆದ ಹಾಗಾಯಿತು. ಮೇಲಾಗಿ ಡಬ್ಬಿಯೊಳಗೆ ಜಂಪರ್ ಇದೆ, ಅಂದರೆ ಒಂದೇ ತುದಿಯಲ್ಲಿ ಎರಡು ಟರ್ಮಿನೇಟರ್. ತೆಗೆಯಿರಿ ಅದನ್ನು.

ಮಲ್ಟಿಮೀಟರ್ ಇದ್ದರೆ ಡಿಬಿ-25ರ 25ನೇ ಪಿನ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಯುಎಸ್‌ಬಿ ವೈರ್ ಕಿತ್ತು ಅಳೆಯಬೇಕು. ಸ್ಕಸಿ-2 ಸ್ಟ್ಯಾಂಡರ್ಡ್ ಲೆಕ್ಕದಲ್ಲಿ 4.25 ವೋಲ್ಟ್‌ಗಿಂತ ಕೆಳಗೆ ಹೋಗಬಾರದು.

ಜಿಪ್‌ಜಗಳ:
ಅದಕ್ಕೇ ನನ್ನ ಜಿಪ್‌ಗೆ ಬೇರೆ ಅಡಾಪ್ಟರ್ ಇರೋದು.

ತಾಳತಪ್ಪಿದವ:
ಅಳೆದೆ. ಡಬ್ಬಿಯ ಹಿಂಭಾಗ ಬಿಚ್ಚಿ, ಮೀಟರ್ ಕಡ್ಡಿ ಬೇರೆ ಪಿನ್‌ಗೆ ತಾಗದ ಹಾಗೆ ಉಸಿರು ಬಿಗಿಹಿಡಿದು. ಸುಮ್ನೆ ಇದ್ದಾಗ 4.3. ದೊಡ್ಡ ಬ್ಯಾಂಕ್ ಲೋಡ್‌ಗೆ ಕೊಟ್ಟೆ, 4.1, 4.0, ಅಂಕಿ ಕುಣಿಯುತ್ತಾ ಇತ್ತು, ಸ್ಕ್ರೀನ್ ನಿಂತಿತು. ಹೊರಗಿನ ಟರ್ಮಿನೇಟರ್ ಸಿಕ್ಕಿಸಿದರೆ ಶುರುವಿಗೇ 3.9. ಯುಎಸ್‌ಬಿ ಹಾಕಿದ ತಕ್ಷಣ ಲೋಡಿಂಗ್ ಸರಸರ ಹೋಯಿತು. ಕೈ ಮುಗಿದೆ ಸರ್. ಪವರ್ ಬ್ಯಾಂಕ್ ತಗೊಂಡು ಸ್ಟೇಜ್‌ಗೆ ಹೋಗುತ್ತೇನೆ. ಸಮಸ್ಯೆ ಮುಗಿಯಿತು.

ಹಳೇರ‍್ಯಾಕ್:
ಪವರ್ ಬ್ಯಾಂಕ್ ಬೇಡ. ಎಳೆಯುವ ಕರೆಂಟ್ ಕಡಿಮೆ ಇದ್ದರೆ ಎಷ್ಟೋ ಪವರ್ ಬ್ಯಾಂಕ್‌ಗಳು "ಫೋನ್ ಚಾರ್ಜ್ ಆಯಿತು" ಅಂದುಕೊಂಡು ತಾವೇ ಆಫ್ ಆಗುತ್ತವೆ. ಮಾಮೂಲಿ 5 ವೋಲ್ಟ್ ಅಡಾಪ್ಟರ್ ಹಾಕಿ. ಮೊದಲು ಡಬ್ಬಿ ಆನ್, ಆಮೇಲೆ ಸ್ಯಾಂಪ್ಲರ್ ಆನ್. ಉಲ್ಟಾ ಮಾಡಿದರೆ ಸ್ಯಾಂಪ್ಲರ್ ಎದ್ದಾಗ ಡಿಸ್ಕ್ ಕಾಣದೇ ಹೋಗಬಹುದು.

ಕೇಬಲ್‌ಕಾಟ:
ಅಗ್ಗದ ಅಡಾಪ್ಟರ್ ಹಾಕಿದರೆ ಔಟ್‌ಪುಟ್‌ನಲ್ಲಿ ಗುಂಯ್ ಅನ್ನುತ್ತೆ. ಬರೆದಿಟ್ಟುಕೊಳ್ಳಿ.

12ಬಿಟ್‌ಭಕ್ತ:
ಎಸ್‌ಪಿಯಲ್ಲಿ ಗುಂಯ್ ಅಂದರೂ ಚೆನ್ನಾಗೇ ಕೇಳುತ್ತೆ.

ತಾಳತಪ್ಪಿದವ:
ಹೇಳಿದ್ದು ನೋಡುವ ಮೊದಲೇ ಪವರ್ ಬ್ಯಾಂಕ್‌ನಲ್ಲಿ ಪ್ರಯತ್ನ ಮಾಡಿದೆ. ಹೇಳಿದ ಹಾಗೆಯೇ ಆಯಿತು. ಅರ್ಧ ನಿಮಿಷಕ್ಕೆ ಮಲಗಿತು. ಈಗ ಅಡಾಪ್ಟರ್.

*(ಒಂದು ವಾರದ ನಂತರ)*

ತಾಳತಪ್ಪಿದವ:
ಶೋ ಆಯಿತು. ಆರು ಬ್ಯಾಂಕ್, ಆರೂ ಲೋಡ್ ಆದವು. ಗುಂಯ್ ಇರಲಿಲ್ಲ. ಅಡಾಪ್ಟರ್ ಯಾರೂ ಕೀಳಬಾರದು ಅಂತ ಪ್ಲಗ್ ಮೇಲೆ ಕೆಂಪು ಟೇಪ್ ಸುತ್ತಿ "ಮುಟ್ಟಬೇಡಿ" ಅಂತ ಬರೆದೆ. ಮೂರನೇ ಹಾಡಿಗೆ ಸ್ಕ್ರೀನ್ ನೋಡುತ್ತಾ ಬೆವರುತ್ತಿದ್ದೆ, ಲೋಡ್ ಮುಗಿದು ಮೊದಲ ನೋಟ್ ಬಂದಾಗ ಜೀವ ಬಂತು. ಡ್ರಮ್ಮರ್‌ಗೆ ಮಾತ್ರ ಬೇಜಾರು. ಸೋಲೋಗೆ ರೆಡಿಯಾಗಿ ಬಂದಿದ್ದನಂತೆ.

ಒಂದು ಪ್ರಶ್ನೆ ಉಳಿದಿದೆ. ಕಾರ್ಡ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ಒಂದು ಪಾರ್ಟಿಷನ್ (ಕಾರ್ಡ್‌ನ ಒಂದು ಭಾಗ) 60 ಎಂಬಿ ಮೇಲೆ ಮಾಡಲು ಬಿಡುತ್ತಿಲ್ಲ. ಇದಕ್ಕೂ ಏನಾದರೂ ದಾರಿ ಇದೆಯಾ?

ಹಳೇರ‍್ಯಾಕ್:
ಇಲ್ಲ. ಆ ಅಕಾಯ್ ಫಾರ್ಮ್ಯಾಟ್‌ನಲ್ಲಿ ಒಂದು ಪಾರ್ಟಿಷನ್‌ಗೆ 60 ಎಂಬಿಯೇ ಗಡಿ. ನಿಮ್ಮ ರ‍್ಯಾಮ್ 32 ತಾನೇ. ಒಂದು ಶೋಗೆ ಒಂದು ಪಾರ್ಟಿಷನ್ ಅಂತ ಇಟ್ಟುಕೊಳ್ಳಿ, ಹಾಡಿನ ಕ್ರಮದಲ್ಲೇ ವಾಲ್ಯೂಮ್‌ಗಳಿಗೆ (ಅದರೊಳಗಿನ ಫೋಲ್ಡರ್‌ನಂಥವು) ಹೆಸರಿಡಿ. ಕತ್ತಲಲ್ಲಿ ಹುಡುಕೋದು ತಪ್ಪುತ್ತೆ. ಒಂದರಲ್ಲಿ ಜಾಗ ಸಾಲದಿದ್ದರೆ ಮುಂದಿನ ಪಾರ್ಟಿಷನ್‌ಗೆ ದಾಟಿ.

ಬೆಸುಗೆಕಡ್ಡಿ:
ಟರ್ಮ್ ಪವರ್ ಅಂದರೇನು? ಟರ್ಮಿನೇಟರ್ ಪವರ್. ಕೊನೆಗೂ ವಿಷಯ ಟರ್ಮಿನೇಶನ್ ಹತ್ತಿರವೇ ಬಂತು ಅಲ್ವಾ? ನಾನು ಮೊದಲೇ ಹೇಳಿದ್ದೆ.