ಸಹಾಯ ಬೇಕು: ಲ್ಯಾಂಬ್ಡಾ ಹಿಡಿದಿಟ್ಟುಕೊಳ್ಳುವುದು ಏನನ್ನು?

ನಮಸ್ಕಾರ. ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಡೆಲಿಗೇಟ್ (ಫಂಕ್ಷನ್ನನ್ನೇ ಹಿಡಿದಿಟ್ಟು ಆಮೇಲೆ ಕರೆಯಲು ಬಿಡುವಂಥದ್ದು) ಹೇಗೋ ತಲೆಗೆ ಹೋಯಿತು. ಫಂಕ್ಷನ್ನೇ ಇನ್ನೊಂದು ಫಂಕ್ಷನ್ನನ್ನು ರಿಟರ್ನ್ ಮಾಡಿದಾಗ ಮಾತ್ರ ತಲೆ ಕೆಡುತ್ತಿದೆ.

'ಎಣಿಕೆ' ಅಂತ ಒಂದು ಫಂಕ್ಷನ್ ಬರೆದೆ. ಒಳಗೆ ಸೊನ್ನೆಯಿಂದ ಶುರುವಾಗುವ ಲೋಕಲ್ ವೇರಿಯಬಲ್. ಕರೆದಾಗಲೆಲ್ಲ ಆ ವೇರಿಯಬಲ್‌ಗೆ 1 ಕೂಡಿಸಿ ಕೊಡುವ ಲ್ಯಾಂಬ್ಡಾವನ್ನು (ಹೆಸರಿಲ್ಲದ ಪುಟ್ಟ ಫಂಕ್ಷನ್) 'ಎಣಿಕೆ' ರಿಟರ್ನ್ ಮಾಡುತ್ತದೆ. ಸಿಕ್ಕಿದ ಡೆಲಿಗೇಟನ್ನು ಮೂರು ಸಲ ಕರೆದರೆ 1, 2, 3 ಬರುತ್ತದೆ. 'ಎಣಿಕೆ' ಆಗಲೇ ಮುಗಿದಿದೆ, ಆದರೂ ವೇರಿಯಬಲ್ ಬದುಕಿದೆ! ಇದಕ್ಕೆ ಕ್ಲೋಷರ್ ಅಂತಾರಂತೆ. ಸರಿ, ಒಪ್ಪಿಕೊಂಡೆ.

ಆಮೇಲೆ ಫಾರ್ ಲೂಪಿನಲ್ಲಿ 'ಐ' 0ಯಿಂದ 2ರವರೆಗೆ ಹೋಗುವಾಗ, ಸುತ್ತಿಗೊಂದರಂತೆ 'ಐ' ಪ್ರಿಂಟ್ ಮಾಡುವ ಲ್ಯಾಂಬ್ಡಾ ಲಿಸ್ಟಿಗೆ ಹಾಕಿದೆ. ಲೂಪ್ ಮುಗಿದ ಮೇಲೆ ಕರೆದರೆ 3, 3, 3! 2 ಕೂಡ ಅಲ್ಲ, 3. ಡೀಬಗರ್‌ನಲ್ಲಿ ಸಾಲು ಸಾಲಾಗಿ ನೋಡಿದೆ. ಲಿಸ್ಟಿಗೆ ಹಾಕುವಾಗ 0, 1, 2 ಸರಿಯಾಗಿಯೇ ಇತ್ತು. ಲೂಪಿನೊಳಗೆ ಹೊಸ ವೇರಿಯಬಲ್‌ಗೆ ಕಾಪಿ ಮಾಡಿಕೊಂಡರೆ ಸರಿಹೋಗುತ್ತದೆ. ಫೋರೀಚ್‌ನಲ್ಲಿ (ಲಿಸ್ಟಿನಲ್ಲಿರುವುದನ್ನು ಒಂದೊಂದಾಗಿ ಕೊಡುವ ಲೂಪ್) ಆ ಕಾಪಿಯೂ ಬೇಡ. ಸುಮ್ನೆ ಕಾಪಿ ಮಾಡಿ ಮುಂದೆ ಹೋಗಬಹುದು, ಮನಸ್ಸು ಒಪ್ಪುತ್ತಿಲ್ಲ.

ಲ್ಯಾಂಬ್ಡಾ ಹಿಡಿದಿಟ್ಟುಕೊಳ್ಳುವುದು ಆ ಹೊತ್ತಿನ ಬೆಲೆಯನ್ನೋ, ವೇರಿಯಬಲ್ಲನ್ನೋ? ವೇರಿಯಬಲ್ಲನ್ನೇ ಅಂತಾದರೆ, ಫಾರ್‌ನಲ್ಲಿ ಎಲ್ಲ ಸುತ್ತಿಗೂ ಒಂದೇ 'ಐ', ಫೋರೀಚ್‌ನಲ್ಲಿ ಮಾತ್ರ ಸುತ್ತಿಗೊಂದು ಹೊಸದು ಯಾಕೆ?