ವಂಕಿ (ಗರ್ಭ ನಿಲ್ಲದಂಗ ಗರ್ಭಕೋಶದೊಳಗ ಇಡೂ ಸಾಧನ) ಹಾಕಿಸಾಕ ಹಿಮೋಗ್ಲೋಬಿನ್ 9.2 ಅಡ್ಡಿ ಆಗ್ತದೇನ್ರಿ?

ಆಶಾ_ಶಹಾಪುರ (ಪ್ರಶ್ನೆ)
24 ವರ್ಷದ ಹೆಣ್ಮಗಳು. ಮೊದಲ ಹೆರಿಗಿ ಆಗಿ 8 ತಿಂಗಳು, ಎದಿಹಾಲು ಕುಡಸ್ತಾಳ, ಮುಟ್ಟು ತಿರುಗಿ ಶುರು ಆಗ್ಯಾದ. ಇನ್ನ ಮೂರು ವರ್ಷ ಕೂಸು ಬ್ಯಾಡ ಅಂತ ಗಂಡ-ಹೆಂಡತಿ ಒಪ್ಪ್ಯಾರ. ಹಿಮೋಗ್ಲೋಬಿನ್ 9.2 ಅದ. 5 ವರ್ಷದ್ದು ಹಾಕಿಸಬೇಕೋ, 10 ವರ್ಷದ್ದೋ? ಅತ್ತಿ ಮಾತ್ರ "ವಂಕಿ ಎದಿಗಿ ಏರ್ತದ" ಅಂತ ಬಿಡವಲ್ಲಳು. ತೊಗರಿ ರಾಶಿ ಮುಗಿದ ಮ್ಯಾಲ ಇವರು ಬೆಂಗಳೂರಿಗಿ ಗುಳೆ ಹೋಗೋರು, ಅಲ್ಲಿ ಏನಾದ್ರೂ ತ್ರಾಸ ಆದ್ರ ಏನು ಮಾಡಬೇಕು?

ಸ್ಟಾಫ್‌ನರ್ಸ್_ಬೀದರ್
9.2 ಅಂದ್ರ ಮಧ್ಯಮ ರಕ್ತಹೀನತೆ. ಅಷ್ಟಕ್ಕೇ ಕಾಪರ್ ಟಿ (ತಾಮ್ರದ ವಂಕಿ) ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ 3ರಿಂದ 6 ತಿಂಗಳು ಮುಟ್ಟಿನ ರಕ್ತ ಹೆಚ್ಚು ಹೋಗ್ತದ, ಹೊಟ್ಟಿನೂ ಹಿಡೀತದ. ಇದನ್ನ ಮುಂಚಿತ ಹೇಳದಿದ್ರ ಎರಡನೇ ತಿಂಗಳಿಗೇ "ತೆಗದು ಬಿಡ್ರಿ" ಅಂತ ಬರ್ತಾರ. ಅದಕ್ಕ ಆಕೀಗಿ ಕೇಳ್ರಿ: ಈಗ ಮುಟ್ಟು ಎಷ್ಟು ದಿನ, ದಿನಕ್ಕ ಎಷ್ಟು ಪ್ಯಾಡ್, ಗಡ್ಡೆ ಬೀಳ್ತದೇನು? ಸಾಧಾರಣ ಇದ್ರ ಕಾಪರ್ ಹಾಕಿಸಿ, ಕಬ್ಬಿಣದ ಗುಳಿಗಿ ಇವತ್ತೇ ಶುರು ಮಾಡ್ರಿ. ಗುಳಿಗಿ ಚಹಾದ ಜತಿ ಬ್ಯಾಡ, ಲಿಂಬಿಹಣ್ಣಿನ ನೀರಿನ ಜತಿ ನುಂಗಲಿ. ಮೂರು ತಿಂಗಳಾದ ಮ್ಯಾಲ ರಕ್ತ ತಿರುಗಿ ಪರೀಕ್ಷೆ ಮಾಡಿಸ್ರಿ.

ಈಗಾಗಲೇ ಭಾಳ ರಕ್ತ ಹೋಗ್ತಿದ್ರ ನಾನು ಕಾಪರ್ ಹೇಳಂಗಿಲ್ಲ. ಹಾರ್ಮೋನ್ ವಂಕಿಯೊಳಗ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನೂ ಹಾರ್ಮೋನ್ ಇರ್ತದ, ಅದು ಮುಟ್ಟಿನ ರಕ್ತ ಕಡಿಮಿ ಮಾಡ್ತದ. ಆದ್ರ ಸರ್ಕಾರಿ ದವಾಖಾನ್ಯಾಗ ಸಾಮಾನ್ಯವಾಗಿ ಪುಕ್ಕಟೆ ಸಿಗೂದು ಕಾಪರಿನವೇ. ಖಾಸಗಿಯೊಳಗ ತಗೊಳ್ಳೂದು ಆಗದಿದ್ರ ಮೂರು ತಿಂಗಳಿಗೊಮ್ಮೆ ಹಾಕೂ ಗರ್ಭನಿರೋಧಕ ಅಂತರಾ ಇಂಜೆಕ್ಷನ್ ಬಗ್ಗಿ ಡಾಕ್ಟರನ್ನ ಕೇಳ್ರಿ.

5 ವರ್ಷದ್ದು (375) ಆಗಲಿ, 10 ವರ್ಷದ್ದು (380ಎ) ಆಗಲಿ, ಮೂರು ವರ್ಷದ ಅಂತರಕ್ಕ ಎರಡೂ ಸಾಕು. 10 ವರ್ಷದ್ದು ಅಂದ್ರ 10 ವರ್ಷ ತೆಗೀಬಾರದು ಅಂತ ಜನ ತಿಳ್ಕೊಂಡಾರ, ಅದು ತಪ್ಪು. ಬೇಕಾದಾಗ ತೆಗೀಬಹುದು.

ಗರ್ಭಕೋಶ_ತಜ್ಞೆ_ಕಲಬುರಗಿ
ಎದಿಗಿ ಏರೂ ಮಾತಿಗಿ ಉತ್ತರ: ಗರ್ಭಕೋಶದಿಂದ ಎದಿಗಿ ದಾರಿನೇ ಇಲ್ಲ. ಇರೂ ನಿಜವಾದ ಅಪಾಯ ಬ್ಯಾರೆ. ಹಾಕುವಾಗ ಗೋಡಿಗಿ ರಂಧ್ರ ಬೀಳೂದು, ಸುಮಾರು 1000ಕ್ಕ ಒಬ್ಬರಿಗಿ. ಎದಿಹಾಲು ಕುಡಿಸೂ ತಾಯಂದಿರೊಳಗ, ಅದೂ ಹೆರಿಗಿ ಆಗಿ 36 ವಾರದೊಳಗ, ಇದು ಸ್ವಲ್ಪ ಹೆಚ್ಚು. ಈಕೀದು 8 ತಿಂಗಳಂದ್ರ ಆ ಗಡಿಯಲ್ಲೇ ಅದ. ಹಂಗಂತ ಹಾಕಿಸಬಾರದು ಅಂತಲ್ಲ, ಪಳಗಿದ ಕೈ ಇರೋ ಕಡಿ ಕರಕೊಂಡು ಹೋಗ್ರಿ.

ಮುಟ್ಟು ಶುರುವಾಗಿ 12 ದಿನದೊಳಗ ಬಂದ್ರ ಛಲೋ, ಗರ್ಭ ಇಲ್ಲ ಅನ್ನೂದು ಖಾತ್ರಿ ಆಗ್ತದ. ಮೊದಲು ಕೈಯಿಂದ ಗರ್ಭಕೋಶದ ಗಾತ್ರ, ಬಾಗು ನೋಡ್ತಾರ. ಅದು ಹಿಂದಕ್ಕ ಬಾಗಿರೂದು ಗೊತ್ತಾಗದೆ ನೇರ ನುಗ್ಗಿಸಿದ್ರ ರಂಧ್ರ ಬೀಳಬಹುದು. ಆಮ್ಯಾಲ ಅಳತಿ ಸಲಾಕಿಯಿಂದ ಆಳ ನೋಡಿ, ವಂಕಿ ಒಳಗ ಒಯ್ಯೂ ಕೊಳವಿ ಮ್ಯಾಲಿನ ನೀಲಿ ಗುರುತನ್ನ ಅಷ್ಟಕ್ಕೇ ಸರಿಸ್ತಾರ. 380ಎ ಆದ್ರ ಅದರ ತೋಳು ಮಡಚಿ ಕೊಳವ್ಯಾಗ 5 ನಿಮಿಷಕ್ಕಿಂತ ಹೆಚ್ಚು ಇಡಬಾರದು, ಇಟ್ಟರ ಒಳಗ ಸರಿಯಾಗಿ ಬಿಚ್ಚಂಗಿಲ್ಲ. ಮುಖ್ಯ ಸಂಗತಿ ಇಲ್ಲಿ ಅದ: ಒಳಗಿನ ಕಡ್ಡಿ ಅಲುಗಾಡದಂಗ ಹಿಡಿದು, ಹೊರಗಿನ ಕೊಳವಿನ ಹಿಂದಕ್ಕ ಎಳೀಬೇಕು. ಕಡ್ಡಿ ದೂಡಿ ಹಾಕಂಗಿಲ್ಲ. ಮ್ಯಾಲಿನ ತುದಿ ತನಕ ಮುಟ್ಟದೆ ಕೆಳಗೇ ಬಿಟ್ಟರ ಹಾಕಿದ ವಂಕಿ ಜಾರಿ ಬರ್ತದ. ಕಡೀಕ ವಂಕಿಗಿ ಕಟ್ಟಿರೂ ದಾರ ಗರ್ಭಕೋಶದ ಬಾಯಿಂದ 3ರಿಂದ 4 ಸೆಂ.ಮೀ. ಬಿಟ್ಟು ಕತ್ತರಿಸ್ತಾರ. ಗಿಡ್ಡ ಕತ್ತರಿಸಿದ್ರ ಗಂಡಗ ಚುಚ್ಚತದ.

ಬಿಳಿ ಸೆರಗು ಕೀವಿನಂಗ, ವಾಸನಿ ಇದ್ರ, ಇಲ್ಲಾ ಕಾರಣ ತಿಳಿಯದ ರಕ್ತಸ್ರಾವ ಇದ್ರ ಅವತ್ತು ಹಾಕಬಾರದು. ಮೊದಲು ಅದರ ತಪಾಸಣಿ, ಚಿಕಿತ್ಸೆ.

ಆಶಾ_ಶಹಾಪುರ
ಸಾಧಾರಣ ಮುಟ್ಟೇ ಅದ ಅಂತಾಳ. ಗುಳೆ ಹೋದಾಗ ದಾರ ಕೈಗಿ ಸಿಗದಿದ್ರ?

ಸ್ಟಾಫ್‌ನರ್ಸ್_ಬೀದರ್
ಹೋಗೂ ಮುಂಚೆ 3ರಿಂದ 6 ವಾರದೊಳಗ ಒಮ್ಮೆ ತೋರಿಸಿ ಹೋಗಲಿ, ಜಾರಿ ಬೀಳೂದು ಭಾಳಷ್ಟು ಮೊದಲ ತಿಂಗಳುಗಳಲ್ಲೇ. ಹಾಕಿದ ದಿನ, ಯಾವ ನಮೂನಿ, ಯಾವಾಗ ತೆಗೀಬೇಕು ಅನ್ನೂದು ಬರೆದ ಕಾರ್ಡ್ ಆಕೀ ಚೀಲದಾಗ ಇರಲಿ, ಫೋನಿನ್ಯಾಗ ಅದರ ಫೋಟೋನೂ.

ದಾರ ಸಿಗಲಿಲ್ಲ ಅಂದ್ರ ಬಿದ್ದೇ ಹೋಗ್ಯಾದ ಅಂತಲ್ಲ. ಭಾಳಷ್ಟು ಸಲ ಗರ್ಭಕೋಶದ ಬಾಯ್ಯಾಗ ಸುರುಳಿ ಸುತ್ತಿರ್ತದ. ಆದ್ರೂ ಖಾತ್ರಿ ಆಗೂ ತನಕ ನಿರೋಧ್ ಬಳಸಲಿ. ಮೊದಲು ಗರ್ಭ ಪರೀಕ್ಷೆ, ಆಮ್ಯಾಲ ಸ್ಕ್ಯಾನ್. ಸ್ಕ್ಯಾನಿನ್ಯಾಗ ಕಾಣದಿದ್ರ ಹೊಟ್ಟಿ ಎಕ್ಸ್-ರೇ. ದಾರದ ಬದಲಿ ಗಟ್ಟಿ ಪ್ಲಾಸ್ಟಿಕ್ ತುದಿ ಕೈಗಿ ತಾಕಿದ್ರ ಅದು ಇಳಿಯಾಕತ್ತ್ಯಾದ, ತೆಗೆಸಬೇಕು.

ಹಾಕಿದ ಮೊದಲ ಮೂರು ವಾರದಾಗ ಜ್ವರ, ಕೆಳಹೊಟ್ಟಿ ನೋವು ಬಂದ್ರ ಅವತ್ತೇ ದವಾಖಾನಿ. ಮುಟ್ಟು ತಪ್ಪಿ ಒಂದು ಬದಿ ಹೊಟ್ಟಿ ನೋವು ಬಂದ್ರನೂ ಅವತ್ತೇ ಹೋಗ್ರಿ. ವಂಕಿ ಇದ್ದಾಗ ಗರ್ಭ ನಿಲ್ಲೂದು ಅಪರೂಪ, ನಿಂತ್ರ ಗರ್ಭಕೋಶದ ಬದಲಿ ಗರ್ಭನಳಿಕಿಯೊಳಗ ನಿಂತದೇನು ಅಂತ ನೋಡಲೇಬೇಕು.

ಹಾಕಿದ ದವಾಖಾನಿಗೇ ತಿರುಗಿ ಬರಬೇಕಂತಿಲ್ಲ. ಬೆಂಗಳೂರಿನ ಯಾವ ಸರ್ಕಾರಿ ಹೆರಿಗಿ ಆಸ್ಪತ್ರೆಯೊಳಗೂ ನೋಡ್ತಾರ, ಬ್ಯಾಡಾದ್ರ ತೆಗೀತಾರ. ಇಕ್ಕಳದಿಂದ ದಾರ ಹಿಡಿದು ನಿಧಾನ ಎಳೆದ್ರ ಬಂದೇ ಬಿಡ್ತದ. ತೆಗೆದ ತಿಂಗಳೇ ಗರ್ಭ ನಿಲ್ಲಬಹುದು, ಅದನ್ನೂ ಆಕೀಗಿ ಹೇಳಿ ಕಳಸ್ರಿ.