ಮಗಳಿಗೆ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕಿದೆ. ಇದು ಆಸ್ಪತ್ರೆಯಾ, ಕಾಲೇಜಾ, ಫ್ಯಾಕ್ಟರಿಯಾ?

ನಿವೃತ್ತ ಲೈನ್‌ಮನ್, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು 32 ವರ್ಷ ಕರೆಂಟ್ ಕಂಬ ಹತ್ತಿ ಇಳಿದವನು. ಜೀವಶಾಸ್ತ್ರ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ತಪ್ಪು ಕೇಳಿದರೆ ನಗಬೇಡಿ.

ಮಗಳು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಈಗ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫ್ರೌನ್‌ಹೋಫರ್ ಅನ್ನೋ ಸಂಸ್ಥೆಯಲ್ಲಿ ಸಿಕ್ಕಿದೆ. ಜೀವಕೋಶ ಚಿಕಿತ್ಸೆ ಮತ್ತು ಇಮ್ಯುನಾಲಜಿ ಅಂತ ಹೆಸರಲ್ಲೇ ಇದೆ. ನೆಂಟರು ಕೇಳಿದರೆ ಏನು ಹೇಳೋದು ಅಂತ ತೋಚುತ್ತಿಲ್ಲ. ನಮ್ಮ ಭಾವ "ನರ್ಸ್ ಕೆಲಸವಾ?" ಅಂದರು. ಪಕ್ಕದ ಮನೆ ಮೇಷ್ಟ್ರು "ಪಿಎಚ್‌ಡಿ ಇರಬೇಕು ಬಿಡಿ" ಅಂದರು. ಮಗಳನ್ನೇ ಕೇಳಿದರೆ, "ಅಪ್ಪಾ, ಒಬ್ಬ ರೋಗಿಗೆ ಒಂದೇ ಚೀಲ ಔಷಧಿ ಮಾಡ್ತೀವಿ, ಅದು ಇನ್ನೊಬ್ಬರಿಗೆ ಆಗಲ್ಲ" ಅನ್ನುತ್ತಾಳೆ. ಒಬ್ಬರಿಗೆ ಅಂತ ಔಷಧಿ ಮಾಡಿದರೆ ಹೊಟ್ಟೆ ತುಂಬುತ್ತಾ ಸ್ವಾಮಿ? ನಮ್ಮೂರ ದರ್ಜಿಯೇ ಈಗ ಅಳತೆ ತಗೊಂಡು ಹೊಲಿಯೋದು ಬಿಟ್ಟು ರೆಡಿಮೇಡ್ ಮಾರುತ್ತಿದ್ದಾನೆ.

ಇನ್ನೊಂದು ವಿಷಯ. ಅಲ್ಲಿ ಕೆಲಸದ ಕೋಣೆಯೊಳಗೆ ಬಳೆ, ಓಲೆ, ಮೂಗುಬಟ್ಟು ಏನೂ ಇರಬಾರದಂತೆ. ಇದನ್ನು ಕೇಳಿದ ಮೇಲೆ ಅವರಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಎರಡು ಜೊತೆ ಗ್ಲೌಸ್

ಸರ್, ನಾನು ಹಾಸನದ ಕಡೆಯವಳು. ಜರ್ಮನಿಯಲ್ಲಿ ಇದೇ ಥರದ ಕ್ಲೀನ್‌ರೂಮಿನಲ್ಲಿ, ಅಂದರೆ ಧೂಳು, ಬ್ಯಾಕ್ಟೀರಿಯಾ ಒಳಗೆ ಬರದಂತೆ ಕಾಯುವ ಕೋಣೆಯಲ್ಲಿ, ಆರು ವರ್ಷದಿಂದ ಇದ್ದೇನೆ. ಲೈಪ್‌ಜಿಗ್ ಅಲ್ಲ, ಬೇರೆ ಊರು. ಜಾಗದ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಆದರೆ ಲೈಪ್‌ಜಿಗ್‌ನವರನ್ನು ಈ ಕಸುಬಿನಲ್ಲಿ ಇರುವವರೆಲ್ಲ ಬಲ್ಲರು.

ಮೊದಲು ನಿಮ್ಮ ಭಾವನವರಿಗೆ ಉತ್ತರ. ಆಸ್ಪತ್ರೆ ಅಲ್ಲ, ಕಾಲೇಜಲ್ಲ, ಪೂರ್ತಿ ಫ್ಯಾಕ್ಟರಿಯೂ ಅಲ್ಲ. ಫ್ರೌನ್‌ಹೋಫರ್ ಅಂದರೆ 70ಕ್ಕೂ ಹೆಚ್ಚು ಸಂಶೋಧನಾ ಸಂಸ್ಥೆಗಳ ಒಂದು ದೊಡ್ಡ ಕೂಟ. 1949ರಲ್ಲಿ ಶುರುವಾದದ್ದು. ನೀವು ಫೋನಿಗೆ ಎಂಪಿ3 ಹಾಡು ಹಾಕಿಸಿಕೊಂಡಿದ್ದೀರಲ್ವಾ, ಆ ಎಂಪಿ3 ರೂಪಿಸುವುದರಲ್ಲಿ ದೊಡ್ಡ ಪಾಲು ಎರ್ಲಾಂಗೆನ್‌ನಲ್ಲಿರುವ ಇವರದೇ ಇನ್ನೊಂದು ಸಂಸ್ಥೆಯದ್ದು. ಸರ್ಕಾರ ಕೈಯೆತ್ತಿ ಕೊಡುವುದು ಖರ್ಚಿನ ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಕಂಪನಿಗಳ ಕೆಲಸ ಹಿಡಿದೋ, ಪ್ರಾಜೆಕ್ಟಿಗೆ ಅರ್ಜಿ ಹಾಕಿಯೋ ತಾವೇ ದುಡಿದುಕೊಳ್ಳಬೇಕು. ಪೇಪರ್ ಬರೆದು ಸುಮ್ನೆ ಕೂರುವ ಜಾಗ ಅಲ್ಲ. ಹೆಸರು ಯಾರದ್ದು ಅಂದರೆ ಯೋಸೆಫ್ ಫ್ರೌನ್‌ಹೋಫರ್ ಅನ್ನುವ ಗಾಜಿನ ಕೆಲಸದ ಹುಡುಗನದ್ದು. 1801ರಲ್ಲಿ ಮ್ಯೂನಿಕ್‌ನಲ್ಲಿ ಯಜಮಾನನ ಮನೆ ಕುಸಿದಾಗ ಅದರಡಿ ಸಿಕ್ಕಿಹಾಕಿಕೊಂಡು ಬದುಕಿ ಬಂದವನು. ಆಮೇಲೆ ಲೆನ್ಸ್ ಮಾಡುತ್ತಾ ಮಾಡುತ್ತಾ ಸೂರ್ಯನ ಬೆಳಕಿನ ಪಟ್ಟಿಯಲ್ಲಿರುವ ಕಪ್ಪು ಗೆರೆಗಳನ್ನು ಹಿಡಿದ. ಕೈಕೆಲಸದವನ ಹೆಸರು ಇಟ್ಟಿದ್ದಾರಲ್ಲ, ನನಗೆ ಅದು ಇಷ್ಟ.

ಲೈಪ್‌ಜಿಗ್‌ನ ಸಂಸ್ಥೆ 2005ರದ್ದು. ನೋವಾರ್ಟಿಸ್ ಕಂಪನಿಯ ಕಿಮ್ರಿಯಾ ಅನ್ನೋ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಇನ್ನೂ ಪ್ರಯೋಗದಲ್ಲಿದ್ದಾಗ ಯುರೋಪಿನ ರೋಗಿಗಳಿಗೆ ಅದನ್ನು ಮಾಡಿಕೊಟ್ಟವರು ಇವರು. 2018ರ ಆಗಸ್ಟ್‌ನಲ್ಲಿ ಅದಕ್ಕೆ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಮಗಳು ಹೇಳಿದ ಚೀಲ ಈ ಜಾತಿಯದ್ದು. ಕಾರ್-ಟಿ ಅನ್ನುತ್ತೇವೆ.

ಆಗುವುದು ಇಷ್ಟು. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಳಿ ರಕ್ತಕಣ ಮಾತ್ರ ತೆಗೆದು, ಉಳಿದದ್ದನ್ನು ವಾಪಸ್ ಮೈಗೇ ಬಿಡುತ್ತಾರೆ. ಅದರಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ನಾವು ಬೇರೆ ಮಾಡುತ್ತೇವೆ. ಹಲ್ಲು ಕಿತ್ತ ಒಂದು ವೈರಸ್ಸಿನ ಕೈಯಲ್ಲಿ ಹೊಸ ಜೀನ್ ಕೊಟ್ಟು ಒಳಗೆ ಕಳಿಸುತ್ತೇವೆ. ಆಗ ಆ ಕೋಶದ ಮೈಮೇಲೆ ಒಂದು ಕೊಕ್ಕೆ ಮೂಡುತ್ತೆ. ಸಿಡಿ19 ಅನ್ನುವ ಗುರುತು ಇರುವ ಕ್ಯಾನ್ಸರ್ ಕೋಶ ಕಂಡರೆ ಆ ಕೊಕ್ಕೆ ಹಾಕಿ ಹಿಡಿದು ಕೊಲ್ಲುತ್ತದೆ. ಇವನ್ನು ಬೆಚ್ಚಗೆ ಇಟ್ಟು ಕೆಲವು ದಿನ ಬೆಳೆಸಿ, ತೊಳೆದು, ಮೈನಸ್ 120 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿಸಿ ಆಸ್ಪತ್ರೆಗೆ ಕಳಿಸುವುದು. ಕಿಮ್ರಿಯಾದ ಒಂದು ಚೀಲದಲ್ಲಿ 10ರಿಂದ 50 ಮಿಲಿ ಇರುತ್ತೆ. ಕಾಫಿ ಲೋಟ ತುಂಬಲ್ಲ.

ಅವರವರ ಕೋಶ ಅವರವರಿಗೆ. ಅದಕ್ಕೇ ದರ್ಜಿ ಲೆಕ್ಕ. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಪ್ರತಿ ಮೀಟರಿಗೂ ಆರ್‌ಆರ್ ನಂಬರ್ ಇದ್ದ ಹಾಗೆ ಪ್ರತಿ ರೋಗಿಗೂ ಒಂದು ನಂಬರ್. ಟ್ಯೂಬು, ಚೀಲ, ಕಾಗದ ಎಲ್ಲದರ ಮೇಲೂ ಅದೇ. ಕೋಣೆಯಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನಿಂತು ನೋಡಿ ಸಹಿ ಹಾಕಬೇಕು. ಕೊನೆಗೆ ಎಲ್ಲ ಪರೀಕ್ಷೆ ನೋಡಿ, ಕಾನೂನು ಪ್ರಕಾರ ಹೊಣೆ ಹೊತ್ತ ಒಬ್ಬರು ಬಿಡುಗಡೆ ಅಂತ ಸಹಿ ಮಾಡುವವರೆಗೂ ಚೀಲ ಫ್ರೀಜರ್ ಬಿಟ್ಟು ಕದಲಲ್ಲ. ನೀವು ಲೈನ್ ಕ್ಲಿಯರ್ ತಗೊಳ್ಳದೆ ಕಂಬ ಹತ್ತುತ್ತಿದ್ದಿರಾ? ಹಾಗೇ ಇದು.

ಕಾಗದದ ವಿಷಯದಲ್ಲಿ ನಾನು ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಜರ್ಮನಿಯವರು 1 ಬರೆಯುವಾಗ ಎಡಗಡೆ ಉದ್ದ ಬಾಲ ಎಳೆಯುತ್ತಾರೆ, ನೋಡಲು ನಮ್ಮ 7ರ ಹಾಗೇ ಇರುತ್ತೆ. 7ಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾರೆ. ನಾನು ಬಂದ ಮೂರನೇ ತಿಂಗಳು ಇನ್‌ಕ್ಯುಬೇಟರಿಗೆ ಇಟ್ಟ ಸಮಯ 17 ಗಂಟೆ ಅಂತ ಬರೆದೆ, ನಮ್ಮ ಶಾಲೆಯಲ್ಲಿ ಕಲಿಸಿದ 7. ಪರಿಶೀಲಿಸುವವರು 11 ಅಂತ ಓದಿದರು. ಆರು ಗಂಟೆ ವ್ಯತ್ಯಾಸ! ಕೋಶಕ್ಕೆ ಏನೂ ಆಗಿರಲಿಲ್ಲ. ಇನ್‌ಕ್ಯುಬೇಟರ್ ಬಾಗಿಲು ತೆರೆದ ಸಮಯ ಕಂಪ್ಯೂಟರಿನಲ್ಲಿ ದಾಖಲಾಗಿತ್ತು, ಅದೇ ಕಾಪಾಡಿತು. ಆದರೂ ವಿಚಾರಣೆ ಮುಗಿದು ಕಾಗದ ಮುಂದೆ ಹೋಗಲು ಎರಡು ದಿನ ಹಿಡಿಯಿತು. ಆ ಎರಡು ದಿನ ಎಲ್ಲೋ ಒಬ್ಬರು ಹಾಸಿಗೆಯಲ್ಲಿ ಆ ಚೀಲಕ್ಕೆ ಕಾಯುತ್ತಿದ್ದರು. ಈಗ ಊರಿಗೆ ಬಂದಾಗ ಹಾಲಿನ ಲೆಕ್ಕದಲ್ಲೂ 7ಕ್ಕೆ ಅಡ್ಡಗೆರೆ ಎಳೆಯುತ್ತೇನೆ. ಮಗಳಿಗೆ ಈಗಲೇ ಅಭ್ಯಾಸ ಮಾಡಿಸಿ.

ಇನ್ನು ಮೂಗುಬಟ್ಟು. ತೆಗೆಯಲೇಬೇಕು, ರಿಯಾಯಿತಿ ಇಲ್ಲ. ಪೌಡರ್, ಕಾಡಿಗೆ, ಉಗುರುಬಣ್ಣ ಕೂಡ ಇಲ್ಲ. ಒಂದರ ಹಿಂದೆ ಒಂದು ಕೋಣೆ ದಾಟುತ್ತಾ ಬಟ್ಟೆ ಬದಲಿಸಿ, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು, ಎರಡು ಜೊತೆ ಗ್ಲೌಸ್ ಹಾಕಿ ಒಳಗೆ ಹೋದರೆ ಮೂಗು ತುರಿಸಿದರೂ ಮುಟ್ಟುವ ಹಾಗಿಲ್ಲ. ನೀರು ಕುಡಿಯುವ ಹಾಗಿಲ್ಲ. ಅಜ್ಜಿಯ ಮಡಿಯಲ್ಲಿ ಬೆಳೆದ ನನಗೆ ಇದು ಹೊಸದು ಅನ್ನಿಸಲೇ ಇಲ್ಲ!

ಒಂದು ಎಚ್ಚರಿಕೆ: ಇಂಥ ಸಂಸ್ಥೆಗಳಲ್ಲಿ ಶುರುವಿಗೆ ಜಾಸ್ತಿ ಸಿಗುವುದು ಅವಧಿ ಒಪ್ಪಂದವೇ. ಕಾಯಂ ಅಂತ ನೆಂಟರಿಗೆ ಹೇಳುವ ಮೊದಲು ಕಾಗದ ಓದಿ.

ರಾತ್ರಿ ಪಾಳಿ, ಬೆಂಗಳೂರು

ಅಕ್ಕ, ಮಡಿ ಮಾತು ತಮಾಷೆಗೆ ಅಂತ ಗೊತ್ತು. ಆದರೂ ಮಡಿ ಮನುಷ್ಯರನ್ನು ಹೊರಗೆ ನಿಲ್ಲಿಸೋದು, ನಿಮ್ಮದು ಬ್ಯಾಕ್ಟೀರಿಯಾನ. ನಮ್ಮಜ್ಜಿ ಹೊರಗೆ ನಿಂತವರು, ಅದಕ್ಕೇ ಹೇಳಿದೆ.

ಸರ್, ನಾನು ನರ್ಸ್. ಚೀಲದ ಈಚೆ ಬದಿಯವಳು. ಮೊದಲು ಮೂರು ದಿನ ಕೀಮೋ ಕೊಟ್ಟು ಹೊಸ ಕೋಶಗಳಿಗೆ ಮೈಯಲ್ಲಿ ಜಾಗ ಖಾಲಿ ಮಾಡುತ್ತೇವೆ. ಆಮೇಲೆ ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ತಕ್ಷಣ ಹಾಕಬೇಕು. ಕೋಶ ಹಾಳಾಗದಿರಲಿ ಅಂತ ಸೇರಿಸಿದ ರಾಸಾಯನಿಕದಿಂದ ಕೋಣೆಯೆಲ್ಲ ಬೇಯಿಸಿದ ಜೋಳ, ಬೆಳ್ಳುಳ್ಳಿ ಕಲಸಿದಂಥ ವಾಸನೆ. ಹಾಕಿ ಮುಗಿಯೋದು ಕೆಲವೇ ನಿಮಿಷ. ಮನೆಯವರು "ಇಷ್ಟೇನಾ ಸಿಸ್ಟರ್?" ಅಂತಾರೆ.

ಅಲ್ಲಿಂದ ಮುಂದೆ ಕಾಯೋದೇ ಕೆಲಸ. ಕೋಶಗಳು ಯುದ್ಧಕ್ಕಿಳಿದರೆ ಜ್ವರ ಏರುತ್ತೆ, ಬಿಪಿ ಇಳಿಯುತ್ತೆ. ಆಗ ಕೊಡೋ ಟೋಸಿಲಿಜುಮ್ಯಾಬ್ ನಿಜಕ್ಕೂ ಸಂಧಿವಾತದ ಔಷಧಿ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಎಮಿಲಿ ವೈಟ್‌ಹೆಡ್ ಅನ್ನೋ ಪುಟ್ಟ ಹುಡುಗಿಗೆ ಅದನ್ನು ಕೊಟ್ಟು ನೋಡಿದರು, ಬದುಕಿದಳು. ಮಿದುಳಿಗೆ ತೊಂದರೆ ಆಗ್ತಿದೆಯಾ ಅಂತ ತಿಳಿಯೋಕೆ ದಿನಾ 100ರಿಂದ ಹತ್ತತ್ತು ಕಳೆದು ಎಣಿಸಿ ಅಂತೀವಿ, ಒಂದು ವಾಕ್ಯ ಬರೆಸ್ತೀವಿ. ಮಂಡ್ಯದ ಒಬ್ಬರು ದಿನಾ "ನಾಲೆಗೆ ನೀರು ಬಿಟ್ಟಿದ್ದಾರೆ" ಅಂತಲೇ ಬರೆಯೋರು. ಐದನೇ ದಿನ ಬೆಳಗ್ಗೆ "ನಾಲೆ" ಬರೆದು ಪೆನ್ನು ನಿಂತುಹೋಯಿತು. ಲಕಾರದ ಮೇಲೆ ಲಕಾರ ಗೀಚುತ್ತಾ ಹೋದರು. ನಾನು ಓಡಿಹೋಗಿ ಡಾಕ್ಟರನ್ನು ಎಬ್ಬಿಸಿದೆ. ಒಂಬತ್ತನೇ ದಿನ ವಾಕ್ಯ ಪೂರ್ತಿ ಆಯಿತು, ಅಕ್ಷರ ಮೊದಲಿಗಿಂತ ದುಂಡಗಿತ್ತು.

ಎಲ್ಲರಿಗೂ ಹೀಗೆ ಒಳ್ಳೆಯದಾಗಲ್ಲ. ಮಕ್ಕಳು, ಎಳೆಯರ ಲ್ಯುಕೇಮಿಯಾಗೆ (ರಕ್ತದ ಕ್ಯಾನ್ಸರ್) ಕಿಮ್ರಿಯಾ ಹಾಕಿ ನೋಡಿದ ದೊಡ್ಡ ಪ್ರಯೋಗದಲ್ಲಿ 75 ಜನರಲ್ಲಿ 81% ಮಂದಿಗೆ ಮೂರು ತಿಂಗಳೊಳಗೆ ರೋಗ ಕಾಣದಂತಾಯಿತು, ಆಮೇಲೆ ಕೆಲವರಿಗೆ ಮರಳಿತು. ದುಡ್ಡಿನ ಕಥೆ ಬೇರೆ. ಅಮೆರಿಕದಲ್ಲಿ 2017ರಲ್ಲಿ ಇಟ್ಟ ಬೆಲೆ 4,75,000 ಡಾಲರ್. ನಮ್ಮಲ್ಲಿ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್‌ನವರು ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನೋ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಬೆಲೆ ಅಮೆರಿಕದ್ದರ ಹತ್ತನೇ ಒಂದು ಪಾಲಿನ ಆಸುಪಾಸು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ 2025ರಲ್ಲಿ ತನ್ನದನ್ನು ತಂದಿದೆ. ಹತ್ತನೇ ಒಂದು ಪಾಲು ಅಂದರೂ ತೋಟ ಮಾರೋ ಮೊತ್ತವೇ.

ಮಂಡಿನೋವು, ಹುಬ್ಬಳ್ಳಿ

ನಮ್ಮ ಅವ್ವನ ಮಂಡಿಗೆ "ಸ್ಟೆಮ್ ಸೆಲ್" ಅಂತ ಒಂದು ಕ್ಲಿನಿಕ್ಕಿನಾಗ ಎರಡೂವರೆ ಲಕ್ಷ ಸುರಿದೆವು. ಮೂರು ಇಂಜೆಕ್ಷನ್. ಅವ್ವ ಇವತ್ತಿಗೂ ಗೋಡೆ ಹಿಡಿದೇ ಏಳುತ್ತಾಳೆ. ಸೆಲ್ ಥೆರಪಿ ಅಂದರೆ ಇದೇ ಅಲ್ವಾ? ನಂಬೋದು ಹೆಂಗ?

ಎರಡು ಜೊತೆ ಗ್ಲೌಸ್

ರಾತ್ರಿ ಪಾಳಿಯವರೇ, ನೀವು ಹೇಳಿದ್ದು ಸರಿ. ಆ ಸಾಲು ಸುಲಭವಾಗಿ ಬಂತು, ಯೋಚಿಸದೆ ಬರೆದೆ.

ಹುಬ್ಬಳ್ಳಿಯವರೇ, ಎರಡೂ ಒಂದೇ ಅಲ್ಲ. ಐಸಿಎಂಆರ್, ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ತಂದ ಮಾರ್ಗಸೂಚಿಯಲ್ಲಿ ಮಾಮೂಲಿ ಚಿಕಿತ್ಸೆ ಅಂತ ಒಪ್ಪಿದ್ದ ಸ್ಟೆಮ್ ಸೆಲ್ ಕೆಲಸ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಮಾತ್ರ. ಬೇರೆ ಯಾವುದನ್ನೇ ಮಾಡಿದರೂ ಒಪ್ಪಿಗೆ ಪಡೆದ ಪ್ರಯೋಗದೊಳಗೆ ಮಾಡಬೇಕು ಅಂತ ಅದರಲ್ಲಿ ಹೇಳಿತ್ತು. ಪ್ರಯೋಗಕ್ಕೆ ಸೇರಿದ ರೋಗಿಯ ಹತ್ತಿರ ಆ ಚಿಕಿತ್ಸೆಗೆ ದುಡ್ಡು ಕೇಳುವ ಹಾಗಿಲ್ಲ. ಬ್ಯಾಚ್ ರೆಕಾರ್ಡ್, ಅಂದರೆ ಔಷಧಿ ಹೇಗೆ ಮಾಡಿದರು ಅಂತ ಹೆಜ್ಜೆ ಹೆಜ್ಜೆಗೂ ಬರೆದಿಟ್ಟ ಕಾಗದ, ತೋರಿಸಿ ಅಂತ ಆ ಕ್ಲಿನಿಕ್ಕಿನವರನ್ನು ಕೇಳಿ, ಮುಖ ನೋಡಿ.

ಸರ್, ಇನ್ನೊಂದು ಮರೆತೆ. ದಿನಾ ಬಿಚ್ಚಿ ಹಾಕಿದರೆ ಮೂಗುಬಟ್ಟಿನ ತಿರುಪು ಸವೆಯುತ್ತೆ. ನನ್ನದು ಲಾಕರ್ ಕೋಣೆಯ ನೆಲಕ್ಕೆ ಬಿದ್ದು ಹೋಗಿ, ಮೊಣಕಾಲೂರಿ ಹುಡುಕಿದರೂ ಸಿಗಲಿಲ್ಲ. ಬಿಡಿ ತಿರುಪು ಎರಡು ಕೊಟ್ಟು ಕಳಿಸಿ. ಇಲ್ಲಿ ನಮ್ಮ ಅಳತೆಯದ್ದು ಸಿಗಲ್ಲ.

ನಿವೃತ್ತ ಲೈನ್‌ಮನ್, ತಿಪಟೂರು

ಎಲ್ಲರಿಗೂ ಉಪಕಾರವಾಯಿತು. ಭಾವನಿಗೆ "ಒಬ್ಬರಿಗೆ ಒಂದು ಆರ್‌ಆರ್ ನಂಬರ್" ಅಂದೆ, "ಹಾಗಾದ್ರೆ ಬಾಕಿ ಉಳಿಸಿಕೊಂಡರೆ ಕಟ್ ಮಾಡ್ತಾರಾ?" ಅಂದರು. ಅವರು ಇರೋದೇ ಹಾಗೆ.

ಮಂಡ್ಯದವರ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗಳ ಅಮ್ಮ ಏನೂ ಹೇಳಲಿಲ್ಲ. ಸಂಜೆ ಮಗಳ ಮೂಗುಬಟ್ಟು ಇಸಕೊಂಡು ಆಚಾರಿ ಅಂಗಡಿಗೆ ಹೋಗಿ ಬಂದಳು. ಬಿಡಿ ತಿರುಪು ಎರಡಲ್ಲ, ನಾಲ್ಕು ಮಾಡಿಸಿದ್ದಾಳೆ. ಕುಂಕುಮದ ಸಣ್ಣ ಡಬ್ಬಿ ತೊಳೆದು ಒರೆಸಿ, ಅದರೊಳಗೆ ಹತ್ತಿ ಹಾಸಿ ಇಟ್ಟಿದ್ದಾಳೆ.